ಹುಳುಮನೆಗೆ ಬೇಕಾದ ಪಾದ

ವಿಮಾ ಕಂಪನಿಯ ಉತ್ತರ ಆರನೇ ತಾರೀಕು ಮಂಗಳವಾರ ಬೆಳಿಗ್ಗೆ ಇಮೇಲಿನಲ್ಲಿ ಬಂತು. ಸಂಘಮಿತ್ರ ಅದನ್ನು ಎರಡು ಸಲ ಓದಿದಳು. ಮುನಿಲಕ್ಷ್ಮಿ, ವಯಸ್ಸು ಮೂವತ್ತೊಂದು, ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಇಲ್ಲ. ಕೇಳಿದ್ದು ಮೂರನೇ ದರ್ಜೆಯ ಕೃತಕ ಕಾಲು. ಮಂಜೂರಾದದ್ದು ಒಂದನೇ ದರ್ಜೆಯದು. ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದರು: ‘ರೋಗಿಯು ಮನೆಯೊಳಗಷ್ಟೇ ಇರುತ್ತಾರೆ, ಯಾವ ಕೆಲಸವನ್ನೂ ಮಾಡುವುದಿಲ್ಲ ಎಂದು ಕುಟುಂಬದವರು ದೂರವಾಣಿಯಲ್ಲಿ ತಿಳಿಸಿದ್ದಾರೆ.’

ಆ ಕಂಪನಿಯ ಲೆಕ್ಕದಲ್ಲಿ ಒಂದನೇ ದರ್ಜೆ ಎಂದರೆ ಮನೆಯ ಸಮನೆಲದ ಮೇಲೆ ನಾಲ್ಕು ಹೆಜ್ಜೆ ಇಡುವವರಿಗೆ ಕೊಡುವ ಕಾಲು. ಪಾದ ಗಟ್ಟಿ, ಬಾಗುವುದಿಲ್ಲ. ಮೂರನೇ ದರ್ಜೆಯದು ಹೊಲ, ಇಳಿಜಾರು, ಒದ್ದೆ ನೆಲದಲ್ಲಿ ದುಡಿಯುವವರಿಗೆ. ಅದರ ಪಾದ ನೆಲ ಹೇಗಿದೆಯೋ ಹಾಗೆ ಎಲ್ಲ ದಿಕ್ಕಿಗೂ ಹೊರಳುತ್ತದೆ. ಬೆಲೆಯಲ್ಲಿ ಮೂರು ಪಟ್ಟಿಗೂ ಹೆಚ್ಚು ಅಂತರ. ಯಾರಿಗೆ ಯಾವುದು ಎನ್ನುವುದನ್ನು ಕಂಪನಿ ಮೂರು ಆಧಾರಗಳ ಮೇಲೆ ತೀರ್ಮಾನಿಸುತ್ತಿತ್ತು: ಕಾಲು ಮಾಡುವವರ ವರದಿ, ವೈದ್ಯರ ಪತ್ರ, ಮನೆಗೆ ಒಂದು ಫೋನು. ಮೊದಲೆರಡು ಸರಿಯಾಗಿದ್ದವು.

ಚಿಕ್ಕಬಳ್ಳಾಪುರದ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಸಂಘಮಿತ್ರ ಹನ್ನೊಂದು ವರ್ಷದಿಂದ ಕೃತಕ ಕೈಕಾಲು ಮಾಡಿಕೊಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅಳತೆ, ನಡಿಗೆಯ ಅಭ್ಯಾಸ. ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಅಚ್ಚು, ಓವನ್ನು, ಉಜ್ಜುವ ಮಿಷನ್ನು, ಮತ್ತು ಬಯ್ಯಪ್ಪ. ಬಯ್ಯಪ್ಪನಿಗೆ ಐವತ್ತೆಂಟು. ಮೊದಲು ಚಿಂತಾಮಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು.

ಕಳೆದ ಒಂದೂವರೆ ವರ್ಷದಲ್ಲಿ ಅವಳು ವಿಮೆಯಡಿ ಕಳಿಸಿದ ಹತ್ತೊಂಬತ್ತು ಅರ್ಜಿಗಳಲ್ಲಿ ಎಂಟಕ್ಕೆ ಕತ್ತರಿ ಬಿದ್ದಿತ್ತು. ಹಾಗಾಗಿ ಒಂದು ನಿಯಮ ಮಾಡಿಕೊಂಡಿದ್ದಳು. ಮಂಜೂರಾತಿ ಬರುವವರೆಗೆ ಪಾದ ತರಿಸುವಂತಿಲ್ಲ. ಮುನಿಲಕ್ಷ್ಮಿಯ ವಿಷಯದಲ್ಲಿ ಅದನ್ನು ಮುರಿದಿದ್ದಳು. ಪಾದದ ಡಬ್ಬ ಬಂದು ಐದು ದಿನವಾಗಿತ್ತು, ಕಪಾಟಿನ ಮೇಲಿತ್ತು.

“ಡಬ್ಬ ಒಡೆದಿಲ್ಲ ತಾನೇ ಮೇಡಂ?” ಬಯ್ಯಪ್ಪ ಒಳಗಿನಿಂದಲೇ ಕೇಳಿದ.

“ಇಲ್ಲಣ್ಣ.”

“ಎಷ್ಟು ದಿನದೊಳಗೆ ವಾಪಸ್ ತಗೊಳ್ತಾರೆ?”

“ಹದಿನೈದು. ಹದಿನಾರನೇ ತಾರೀಕಿಗೆ ಮುಗಿಯುತ್ತೆ.”

“ಕಳಿಸ್ಬಿಡಿ ಮತ್ತೆ. ಗಟ್ಟಿ ಪಾದಾನೇ ಹಾಕಣ. ಕಂಪನಿಯೋರಿಗೆ ಬೇಕಿರೋದು ಕಾಲು ಐತೋ ಇಲ್ವೋ ಅಂತ. ನಡೀತಾರೋ ಇಲ್ವೋ ಅನ್ನೋದು ಅವರಿಗ್ಯಾಕೆ?”

ಸಂಘಮಿತ್ರ ತನ್ನ ನೋಟ್ ಪುಸ್ತಕ ತೆರೆದಳು. ಅಳತೆಗೆ ಬಂದ ದಿನ ಮುನಿಲಕ್ಷ್ಮಿ ಹೇಳಿದ್ದೆಲ್ಲ ಅದರಲ್ಲಿತ್ತು. ದಿಬ್ಬೂರಹಳ್ಳಿಯ ಹತ್ತಿರ ಅವರದು ರೇಷ್ಮೆ ಬೆಳೆ. ಹುಳು ಸಾಕುವ ಮನೆಯೊಳಗೆ ಹೊರಗಿನ ಚಪ್ಪಲಿ ನಡೆಯುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿಕೊಂಡು ಬರಿಗಾಲಲ್ಲಿ ಒಳಗೆ ಹೋಗಬೇಕು. ನೆಲದ ಮೇಲೆ ಹಿಪ್ಪುನೇರಳೆಯ ಕಡ್ಡಿ ಬಿದ್ದಿರುತ್ತವೆ. ನಾಲ್ಕು ಅಂತಸ್ತಿನ ಅಟ್ಟಣೆ, ಮೇಲಿನದಕ್ಕೆ ಸೊಪ್ಪು ಹಾಕಲು ಹಲಗೆ ಹತ್ತಬೇಕು. ಗಟ್ಟಿ ಪಾದ ಒದ್ದೆ ನೆಲದಲ್ಲಿ ಒಂದು ಕಡ್ಡಿಯ ಮೇಲೆ ಬಿದ್ದರೆ ಜಾರದೆ ಇರುವುದಿಲ್ಲ. ಅಪಘಾತಕ್ಕೆ ಮೊದಲು ಆ ಮನೆಯ ಹುಳುವಿನ ಉಸ್ತುವಾರಿ ಪೂರ್ತಿ ಮುನಿಲಕ್ಷ್ಮಿಯದೇ ಆಗಿತ್ತು. ಎಂಟು ತಿಂಗಳ ಹಿಂದೆ ಬೈಕಿನ ಹಿಂದೆ ಕೂತಿದ್ದಾಗ ಟೊಮೆಟೊ ತುಂಬಿದ ಟೆಂಪೊ ಗುದ್ದಿತ್ತು. ಆಮೇಲೆ ಎರಡು ಬೆಳೆಯನ್ನು ಅತ್ತೆ ಕೂಲಿಯವರನ್ನು ಇಟ್ಟುಕೊಂಡು ನೋಡಿದ್ದರು. ಎರಡರಲ್ಲೂ ಹುಳು ಸಾಯುವುದು ಹೆಚ್ಚಾಗಿತ್ತು. ಮುಂದಿನ ಮರಿಹುಳು ಬರುವುದು ಇಪ್ಪತ್ತೆರಡಕ್ಕೆ. “ಅಷ್ಟೊತ್ತಿಗೆ ನಾನು ಒಳಗೆ ಹೋಗೋ ಹಂಗೆ ಮಾಡ್ಕೊಡಿ ಮೇಡಂ, ಬೇರೆ ಏನೂ ಬೇಡ,” ಎಂದಿದ್ದಳು.

ವಿಮೆ ಇದ್ದದ್ದು ಗಂಡ ರವಿಚಂದ್ರನ ಕಾರ್ಖಾನೆಯ ಕಡೆಯಿಂದ. ಅವನು ಗೌರಿಬಿದನೂರಿನಲ್ಲಿ ಕೋಣೆ ಮಾಡಿಕೊಂಡಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಸಂಘಮಿತ್ರ ಅವನಿಗೆ ಫೋನು ಮಾಡಿದಳು.

“ಕಂಪನಿಯಿಂದ ಮನೆಗೆ ಫೋನ್ ಬಂದಿತ್ತಂತೆ. ಯಾರು ಮಾತಾಡಿದ್ದು?”

“ನಮ್ಮಮ್ಮ ಇರ್ಬೇಕು ಮೇಡಂ. ಫಾರಮ್ಮಲ್ಲಿ ಅವರ ನಂಬರ್ರೇ ಕೊಟ್ಟಿದ್ದೆ.” ಮತ್ತೆ ಅವನೇ ಕೇಳಿದ, “ಏನಂದುಬಿಟ್ರು?”

ಸಂಘಮಿತ್ರ ಓದಿ ಹೇಳಿದಳು. ಅವನ ಹಿಂದೆ ಮಿಷನ್ನುಗಳ ಸದ್ದು ಕೇಳುತ್ತಿತ್ತು.

“ಅಪ್ಪೀಲು ಹಾಕ್ಬಹುದಾ?”

“ಏಳು ದಿನದೊಳಗೆ. ವಿಡಿಯೊ ಕಾಲ್ ಮಾಡ್ತಾರೆ. ಈ ಸಲ ಮುನಿಲಕ್ಷ್ಮಿಯವರೇ ಇರಬೇಕು, ಅಮ್ಮನೂ ಇರಬೇಕು.”

ಅಪ್ಪೀಲು ಹಾಕಿದ್ದಾಯಿತು. ವಿಡಿಯೊ ಕಾಲ್ ಶನಿವಾರ ಹನ್ನೊಂದೂವರೆಗೆ ನಿಗದಿಯಾಯಿತು.

ಚಿಂತಾಮಣಿಯಲ್ಲಿ ಇದೇ ಕೆಲಸ ಮಾಡುವ ಉದಯಕುಮಾರ್ ವಿಮೆಯವರ ಸಹವಾಸವನ್ನೇ ಬಿಟ್ಟಿದ್ದ. ಬಿಡುವ ಮುಂಚೆ ಅವನದೊಂದು ಉಪಾಯ ಇತ್ತು. ‘ರೋಗಿಗೆ ನಾಲ್ಕು ವಾಕ್ಯ ಬರೆದು ಕೊಡು, ಬಾಯಿಪಾಠ ಮಾಡಿಸು. ದಿನಾ ಎರಡು ಕಿಲೋಮೀಟರ್ ನಡೀತೀನಿ, ಮೆಟ್ಟಿಲು ಹತ್ತುತೀನಿ. ಅಷ್ಟೇ. ಸುಳ್ಳೇನಲ್ಲ’ ಎನ್ನುತ್ತಿದ್ದ. ಸಂಘಮಿತ್ರ ಅದನ್ನು ಯಾವತ್ತೂ ಮಾಡಿರಲಿಲ್ಲ. ಬಾಯಿಪಾಠ ಮಾಡಿದವರ ಮಾತು ನಿಜವೇ ಆಗಿದ್ದರೂ ಬಾಯಿಪಾಠದ ಹಾಗೆ ಕೇಳಿಸುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಬ್ಬರಿಗೆ ನಿಜವನ್ನೇ ಕಲಿಸಿ ಕಳಿಸಿದರೂ ಮುಂದಿನವರಿಗೆ ಅರ್ಧ ನಿಜ ಕಲಿಸುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ ಎಂಬ ಭಯ ಅವಳಿಗಿತ್ತು.

ಗುರುವಾರ ಅವಳೇ ಶಿಡ್ಲಘಟ್ಟದ ಮೇಲೆ ಮುನಿಲಕ್ಷ್ಮಿಯ ಊರಿಗೆ ಹೋದಳು. ರವಿಚಂದ್ರನ ತಾಯಿ ಆದಿಲಕ್ಷ್ಮಮ್ಮ ಜಗಲಿಯ ಮೇಲೆ ಚಾಪೆ ಹಾಕಿ ಮಜ್ಜಿಗೆ ಕೊಟ್ಟರು. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮುನಿಲಕ್ಷ್ಮಿ ಕಂಕುಳಲ್ಲಿ ಊರುಗೋಲು ಒತ್ತಿ ಬಾಗಿಲಿಗೆ ಆತು ನಿಂತಿದ್ದಳು.

“ಫೋನಲ್ಲಿ ಏನು ಕೇಳಿದ್ರು ಅಮ್ಮ?”

“ಸೊಸೆ ಹೆಂಗವ್ಳೆ, ಏನು ಕೆಲಸ ಮಾಡ್ತಾಳೆ ಅಂದ್ರು. ಕುಂತಲ್ಲೇ ಅನ್ನ ಕೊಟ್ಟು ನೋಡ್ಕೊಳ್ತಾ ಇದೀವಿ, ಒಂದು ಕಡ್ಡಿ ಎತ್ತಕ್ಕೂ ಬಿಡಲ್ಲ ಅಂದೆ. ಇನ್ನೇನು ಹೇಳ್ಬೇಕಿತ್ತು?”

“ಇದ್ದದ್ದು ಹೇಳಬಹುದಿತ್ತು.”

“ಇದ್ದದ್ದಾ?” ಅವರು ಸೊಸೆಯ ಕಡೆ ನೋಡಲಿಲ್ಲ. “ಆಸ್ಪತ್ರೇಲಿ ಇವಳ ದೊಡ್ಡಮ್ಮ ಎಲ್ಲರ ಮುಂದೆ ಏನಂದ್ಲು ಗೊತ್ತಾ? ಇನ್ನು ಈ ಯಮ್ಮ ನಮ್ಮ ಹುಡುಗೀನ ಒಂಟಿ ಕಾಲಲ್ಲೇ ದುಡಿಸ್ತಾಳೆ ನೋಡ್ಕೊಳ್ಳಿ ಅಂದ್ಲು. ಯಾರೋ ಫೋನು ಮಾಡಿ ಸೊಸೆ ಕೆಲಸ ಮಾಡ್ತಾಳಾ ಅಂತ ಕೇಳಿದ್ರೆ ನಾನು ಹೂಂ ಅಂತೀನಾ? ನಮ್ಮನೆ ಮರ್ಯಾದೆ ಏನಾಗ್ಬೇಕು?”

ಮುನಿಲಕ್ಷ್ಮಿ ನಿಧಾನವಾಗಿ ಹೇಳಿದಳು, “ಅತ್ತೆ, ನನ್ನನ್ನ ಒಂದ್ಸಲ ಕೇಳಿದ್ರೆ ಆಗ್ತಿತ್ತು.”

“ಕೇಳಿದ್ರೆ ನೀನೇನು ಹೇಳ್ತಿದ್ದೆ, ನನ್ನ ಮುಂದೆ?”

ಸಂಘಮಿತ್ರಳಿಗೆ ವಿಷಯ ಸ್ಪಷ್ಟವಾಯಿತು. ನೋಟ್ ಪುಸ್ತಕದಲ್ಲಿದ್ದಂತೆ, ಅಪಘಾತವಾದ ಮೂರನೇ ತಿಂಗಳಿನಿಂದಲೇ ಮುನಿಲಕ್ಷ್ಮಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಊರುಗೋಲಿನಲ್ಲಿ ಹುಳುಮನೆಯ ಬಾಗಿಲವರೆಗೆ ಹೋಗಿ ಒಳಗಿನವರಿಗೆ ಹೇಳಿಕೊಡುತ್ತಿದ್ದಳು, ಕಾಯಿಲೆಯ ಹುಳುಗಳನ್ನು ತಟ್ಟೆಗೆ ತರಿಸಿಕೊಂಡು ನೋಡುತ್ತಿದ್ದಳು. ಇದನ್ನು ಹೇಳಿದರೆ ಪಾದ ಸಿಗುತ್ತದೆ. ಆದರೆ ದೊಡ್ಡಮ್ಮ ಅಂದದ್ದನ್ನು ಆದಿಲಕ್ಷ್ಮಮ್ಮ ತಮ್ಮ ಬಾಯಿಂದಲೇ ಒಪ್ಪಿಕೊಂಡಂತಾಗುತ್ತದೆ.

“ಶನಿವಾರ ಏನು ಹೇಳ್ಬೇಕು ಅಂತ ನೀವೇ ಹೇಳ್ಕೊಟ್ಬಿಡಿ ಮೇಡಂ,” ಎಂದರು ಆದಿಲಕ್ಷ್ಮಮ್ಮ.

“ನಾನು ಹೇಳ್ಕೊಡಲ್ಲ ಅಮ್ಮ. ಬೆಳಿಗ್ಗೆ ಎದ್ದಾಗಿನಿಂದ ಸಾಯಂಕಾಲದವರೆಗೆ ಏನಾಗುತ್ತೆ ಅಂತ ಅವರು ಕೇಳ್ತಾರೆ. ನಿಮಗೆ ಗೊತ್ತಿರೋದೇ.”

“ಅದೇ ಕಷ್ಟ,” ಎಂದರು ಅವರು.

ಶನಿವಾರ ರವಿಚಂದ್ರ ರಜೆ ಹಾಕಿ ಬಂದು ಅಮ್ಮನ ಫೋನನ್ನು ಒಂದು ಡಬ್ಬಕ್ಕೆ ಒರಗಿಸಿ ಇಟ್ಟ. ಸಂಘಮಿತ್ರ ತನ್ನ ಅಂಗಡಿಯಿಂದ ಅದೇ ಕರೆಗೆ ಸೇರಿದಳು. ಪರದೆಯಲ್ಲಿ ಕಂಪನಿಯ ವೈದ್ಯೆ ಡಾ. ಮೇಧಾ ಕಾಣಿಸಿದರು. ಸೌಜನ್ಯದ ಹೆಂಗಸು. ಮೊದಲೇ ಹೇಳಿಬಿಟ್ಟರು, ಹಿಂದಿನ ಹೇಳಿಕೆ ಧ್ವನಿಮುದ್ರಣವಾಗಿದೆ, ಈಗ ಹೇಳುವುದು ಬೇರೆಯಾದರೆ ಯಾಕೆ ಬೇರೆ ಎನ್ನುವುದೂ ದಾಖಲಾಗಬೇಕು.

“ಮುನಿಲಕ್ಷ್ಮಿ ಅವರೇ, ನೀವು ಮನೇಲಿ ಏನಾದರೂ ಕೆಲಸ ಮಾಡ್ತೀರಾ?”

ಮುನಿಲಕ್ಷ್ಮಿ ಪರದೆಯನ್ನು ನೋಡಿದಳು, ಆಮೇಲೆ ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿದಳು. ವೈದ್ಯೆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಚಿಕ್ಕಬಳ್ಳಾಪುರದಲ್ಲಿ ಸಂಘಮಿತ್ರ ತನ್ನ ಮೈಕು ಮುಚ್ಚಿರುವುದನ್ನು ಖಚಿತ ಮಾಡಿಕೊಂಡಳು. ಮಾತಾಡಿಬಿಡುವೆನೇನೋ ಅನಿಸಿತ್ತು.

“ನಾನು ಹೇಳ್ತೀನಿ,” ಎಂದರು ಆದಿಲಕ್ಷ್ಮಮ್ಮ.

“ಅವರೇ ಹೇಳಲಿ ಅಮ್ಮ,” ಎಂದರು ವೈದ್ಯೆ.

“ಹೇಳ್ತಾಳೆ. ಅದಕ್ಕೆ ಮುಂಚೆ ನನ್ನದು ಬರ್ಕೊಳ್ಳಿ. ಅವತ್ತು ಫೋನಲ್ಲಿ ನಾನು ಹೇಳಿದ್ದು ಸುಳ್ಳು. ಮರ್ಯಾದೆಗೋಸ್ಕರ ಹೇಳ್ದೆ. ಇವಳು ಕೆಲಸ ಮಾಡ್ತಾಳೆ. ಕಾಲು ಇಲ್ದಿರೋವಾಗ್ಲೂ ಮಾಡ್ತಾ ಇದಾಳೆ, ನಾನೂ ಮಾಡಿಸ್ಕೊಂಡಿದೀನಿ. ಇವಳಿಲ್ದೆ ನಂಗೆ ಎರಡು ಬೆಳೆ ಕೈಗೆ ಬರ್ಲಿಲ್ಲ. ಬರ್ಕೊಂಡ್ರಾ?”

“ಬರ್ಕೊಂಡೆ ಅಮ್ಮ.”

“ಇನ್ನು ಹೇಳಮ್ಮ ನೀನು.”

ಮುನಿಲಕ್ಷ್ಮಿ ಮೊದಲು ತಡವರಿಸಿದಳು. ಆಮೇಲೆ ಸೊಪ್ಪಿನ ಮಾತು ಬಂದ ಕೂಡಲೇ ಅವಳ ದನಿ ಬದಲಾಯಿತು. ಐದು ಗಂಟೆಗೆ ಏಳುವುದು, ಬಿಸಿಲೇರುವ ಮುಂಚೆ ಕುಯ್ದ ಸೊಪ್ಪು, ಮೂರು ಹೊತ್ತಿನ ಮೇವು, ಹುಳು ಜ್ವರಕ್ಕೆ ಹೋದಾಗ ಮೇವು ನಿಲ್ಲಿಸುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವುದು. ಯಾವುದನ್ನು ಈಗ ಕೂತು ಮಾಡುತ್ತಾಳೆ, ಯಾವುದನ್ನು ಮಾಡಲಾಗುತ್ತಿಲ್ಲ ಎಂದು ಒಂದೊಂದನ್ನೂ ಬೇರೆ ಬೇರೆ ಮಾಡಿ ಹೇಳಿದಳು. ವೈದ್ಯೆ ಬರೆದುಕೊಳ್ಳುತ್ತಲೇ ಕೇಳಿದರು, “ಜ್ವರ ಅಂದ್ರೆ ಹುಳಕ್ಕೂ ಜ್ವರ ಬರುತ್ತಾ?” “ಪೊರೆ ಬಿಡ್ತವೆ ಮೇಡಂ, ಆವಾಗ ಮುಟ್ಟಬಾರ್ದು.” ಕರೆ ಇಪ್ಪತ್ತಾರು ನಿಮಿಷ ನಡೆಯಿತು.

ಉತ್ತರ ಬಂದದ್ದು ಹದಿನೈದನೇ ತಾರೀಕು ಮಧ್ಯಾಹ್ನ. ಮೂರನೇ ದರ್ಜೆ ಮಂಜೂರಾಗಿತ್ತು. ಆದರೆ ಉಳಿದ ಕಾಲಿಗೂ ಅದು ಕೂರುವ ಕೃತಕ ಕಾಲಿನ ಬಟ್ಟಲಿಗೂ ನಡುವೆ ಹಾಕುವ ಸಿಲಿಕಾನ್ ಒಳಹೊದಿಕೆ ‘ಬಳಸಿ ಬಿಸಾಡುವ ವಸ್ತು’ ಎಂದು ಪಟ್ಟಿಯಿಂದ ಹೊರಗಿಟ್ಟಿದ್ದರು. ಮಜೂರಿಗೆ ನಾಲ್ಕು ವರ್ಷದ ಹಿಂದಿನ ದರ. ಹಣ ಅರವತ್ತು ದಿನದ ಮೇಲೆ.

ಬಯ್ಯಪ್ಪ ಅದನ್ನು ಕೇಳಿ ಕೈ ಒರೆಸಿಕೊಂಡ. “ಕಾಲು ಕೊಟ್ರು, ಕಾಲ್ಚೀಲ ನೀವೇ ನೋಡ್ಕೊಳ್ಳಿ ಅಂದ್ರು.”

“ಫೋಮಿನದು ಮಾಡೋಕಾಗುತ್ತಾ ಅಣ್ಣ?”

“ಆಗುತ್ತೆ. ಸಿಲಿಕಾನ್‌ನಷ್ಟು ಸುಖ ಇರಲ್ಲ. ಆರು ತಿಂಗಳಿಗೆ ಹೊಸದು ಮಾಡ್ಬೇಕು.” ಮಂಜೂರಾತಿಯ ಕಡೆ ಕೈ ತೋರಿಸಿ ಕೇಳಿದ, “ನಿಮಗೇನು ಉಳೀತು ಇದರಲ್ಲಿ?”

“ಈ ತಿಂಗಳ ಕರೆಂಟ್ ಬಿಲ್ಲು.”

“ಹಂಗಾದ್ರೆ ನಷ್ಟ ಇಲ್ಲ.”

ಹಾಗೆಂದು ಹೇಳುವಂತಿರಲಿಲ್ಲ. ಇಂಥ ಇನ್ನು ನಾಲ್ಕು ಅರ್ಜಿ ಬಂದರೆ ಅವಳೂ ಉದಯಕುಮಾರನ ಹಾಗೆ ಬಾಗಿಲಿಗೆ ‘ವಿಮೆ ಇಲ್ಲ’ ಎಂದು ಚೀಟಿ ಅಂಟಿಸಬೇಕಾಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ವಾಪಸಾತಿಗೆ ಒಂದು ದಿನ ಉಳಿದಿರುವಾಗ ಡಬ್ಬ ಇಳಿಸಿ, ಕತ್ತರಿಯಿಂದ ಟೇಪು ಸೀಳಿದಳು.

ಜೋಡಣೆಗೆ ಮೂರು ದಿನ ಹಿಡಿಯಿತು. ಮುನಿಲಕ್ಷ್ಮಿ ಮುಂದಿನ ಕೋಣೆಯಲ್ಲಿ ಕಂಬಿ ಹಿಡಿದು ನಡೆದಳು, ಆಮೇಲೆ ಕಂಬಿ ಬಿಟ್ಟು ನಡೆದಳು. ಸಂಘಮಿತ್ರ ನೆಲದ ಮೇಲೆ ನೀರು ಚೆಲ್ಲಿಸಿ, ಹಳೆ ಪೊರಕೆಯ ಕಡ್ಡಿ ಹರಡಿಸಿ ಅದರ ಮೇಲೂ ನಡೆಸಿದಳು. ಮೊದಲ ವಾರ ದಿನಕ್ಕೆ ಎರಡೇ ಗಂಟೆ, ಬಿಚ್ಚಿದ ಕೂಡಲೇ ಚರ್ಮ ನೋಡಬೇಕು ಎಂದು ಬರೆದೂ ಕೊಟ್ಟಳು.

ಇಪ್ಪತ್ತಮೂರರ ಮಧ್ಯಾಹ್ನ ಮುನಿಲಕ್ಷ್ಮಿಯ ಫೋನು ಬಂತು.

“ಮೇಡಂ, ಮಂಡಿ ಕೆಳಗೆ ಒಂದು ಕಡೆ ಒತ್ತುತ್ತೆ.”

“ಎಷ್ಟು ಹೊತ್ತು ಹಾಕಿದ್ರಿ?”

“ಬೆಳಿಗ್ಗೆಯಿಂದ ಬಿಚ್ಚಿಲ್ಲ. ಹುಳು ಬಂದ್ವಲ್ಲ. ಮೇಲಿನ ಅಂತಸ್ತಿಗೆ ನಾನೇ ಸೊಪ್ಪು ಹಾಕ್ದೆ.”

“ಈಗ ಬಿಚ್ಚಿ. ಕೆಂಪಗಾಗಿದೆಯಾ ನೋಡಿ ಹೇಳಿ.”

ಪಟ್ಟಿ ಬಿಚ್ಚುವ ಸದ್ದು ಕೇಳಿಸಿತು. “ಒಂದು ರೂಪಾಯಿ ಅಗಲ ಕೆಂಪಗಿದೆ. ಒಡೆದಿಲ್ಲ.”

“ಇವತ್ತಿನ್ನು ಹಾಕ್ಬೇಡಿ. ನಾಳೆ ಮೊದಲನೇ ಬಸ್ಸಿಗೆ ಬನ್ನಿ, ಕಾಲು ತನ್ನಿ.”

“ನಾಳೆ ಹತ್ತು ಗಂಟೆ ಮೇವು ಹಾಕ್ಬಿಟ್ಟು ಬರ್ತೀನಿ ಮೇಡಂ.”

ಸಂಘಮಿತ್ರ ಬೇಡ ಎನ್ನಬೇಕೆಂದಿದ್ದಳು. “ಮೇವು ಕೂತೇ ಹಾಕಿ,” ಎಂದು ಫೋನಿಟ್ಟು, ಒಳಗೆ ಹೋಗಿ ಬಟ್ಟಲನ್ನು ಒತ್ತುವ ಕಡೆ ಬಿಸಿಮಾಡಿ ಹಿಗ್ಗಿಸಲು ನಾಳೆ ಮಧ್ಯಾಹ್ನಕ್ಕೆ ಓವನ್ನು ಕಾಯಿಸಿಡುವಂತೆ ಬಯ್ಯಪ್ಪನಿಗೆ ಹೇಳಿದಳು.