ಪರದೆಯ ಅಂಚಿನ ತೂಕ

ಮಗುವಿನ ರಕ್ತವನ್ನು ಮೂರು ಬಾರಿ ಪರೀಕ್ಷಿಸಲಾಯಿತು. ಮೊದಲನೆಯದು ಬೇಸಿಗೆ ಕಾಲಿಡುತ್ತಿದ್ದಾಗ, ಎರಡನೆಯದು ಬೇಸಿಗೆ ಮುಗಿಯುವ ಹೊತ್ತಿಗೆ, ಮೂರನೆಯದು ಚಳಿಗಾಲದಲ್ಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅವಳ ಅಪ್ಪ ಅವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಅಪ್ಪನದು ಬ್ಯಾಟರಿ ರಿಪೇರಿಯ ಅಂಗಡಿ. ಬೀದಿಯವರಿಗೆ ಅವನು ಬ್ಯಾಟರಿ ಮೇಸ್ತ್ರಿ. ಹೆಂಡತಿಯ ತಾಯಿಯ ಮನೆಯಲ್ಲೇ ಸಂಸಾರ ಹೂಡಿದ್ದರಿಂದ, ಬೆನ್ನ ಹಿಂದೆ ಮನೆಅಳಿಯ. ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಮಂಚದಿಂದ ನೆಲಕ್ಕೆ, ನೆಲದಿಂದ ಯಾರ ಮಡಿಲಾದರೂ ಸರಿ ಅದಕ್ಕೆ ಜಿಗಿಯುತ್ತಿದ್ದ ಅವಳನ್ನು ಮನೆಯಲ್ಲಿ ಮಿಡತೆ ಎಂದು ಕರೆಯುತ್ತಿದ್ದರು. ಆ ಮಿಡತೆ ಜಿಗಿಯುವುದನ್ನು ಬಿಟ್ಟು, ಹೊಟ್ಟೆ ಹಿಡಿದುಕೊಂಡು ಮೂಲೆ ಸೇರಿ, ಕಲಿತ ಮಾತುಗಳಲ್ಲಿ ಕೆಲವನ್ನು ಮರೆಯತೊಡಗಿದಾಗ ಆಸ್ಪತ್ರೆಗೆ ಕರೆದೊಯ್ದರು.

“ರಕ್ತದಲ್ಲಿ ಸೀಸ ಇದೆ,” ಎಂದರು ಮಕ್ಕಳ ಡಾಕ್ಟರಮ್ಮ. “ಡೆಸಿಲೀಟರಿಗೆ ಇಪ್ಪತ್ತೆರಡು ಮೈಕ್ರೋಗ್ರಾಂ. ಸೀಸ ಇಳಿಸೋ ಔಷಧಿ ಕೊಡೋ ಮಟ್ಟಕ್ಕೆ ಹೋಗಿಲ್ಲ. ಆದ್ರೆ ಇಷ್ಟು ಇರಬಾರದು. ಮಗು ಮೈಗೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಗೊತ್ತಾಗಲ್ಲ ನೋಡಿ, ಕರೆದು ಮೂಳೆಯೊಳಗೆ ಕೂರಿಸಿಕೊಂಡುಬಿಡುತ್ತೆ. ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸೋದೇ ಮದ್ದು. ಮನೇಲಿ ಯಾರಾದ್ರೂ ಸೀಸದ ಕೆಲಸ ಮಾಡ್ತಾರಾ?”

ಹೆಂಡತಿಯೂ ಅತ್ತೆಯೂ ಒಟ್ಟಿಗೆ ಅವನ ಕೈ ನೋಡಿದರು. ಅವನೂ ನೋಡಿಕೊಂಡನು. ಹಳೆಯ ಬ್ಯಾಟರಿ ಬಿಚ್ಚಿ, ಸವೆದ ಸೀಸದ ಹಲಗೆಗಳನ್ನು ತೆಗೆದು, ಕರಗಿಸಿದ ಸೀಸ ಸುರಿದು ತಂತಿ ಸಿಕ್ಕಿಸುವ ಹೊಸ ಕಂಬ ಎರೆಯುವ ಕೈ. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಬೂದು ಬಣ್ಣ. ಕದ್ದವನ ಕೈಗೆ ಹಿಟ್ಟು ಅಂಟಿದ ಹಾಗಿತ್ತು. ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದು ಕ್ರಮ ಜಾರಿಗೆ ಬಂತು. ಚಪ್ಪಲಿ ಅಂಗಡಿಯಲ್ಲೇ ಉಳಿಯಬೇಕು. ಕೆಲಸದ ಬಟ್ಟೆ ಹಿತ್ತಿಲಿನ ಮುಚ್ಚಳದ ಡಬ್ಬಕ್ಕೆ ಹೋಗಬೇಕು. ಅಲ್ಲೇ ನಲ್ಲಿಯ ಕೆಳಗೆ, ತಗಡಿನ ಮರೆಯಲ್ಲಿ, ತಲೆಯಿಂದ ಪಾದದವರೆಗೆ ಸ್ನಾನ. ಆಮೇಲೆ ಅತ್ತೆ ಒಗೆದ ಬಟ್ಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಹಿತ್ತಿಲ ಬಾಗಿಲಿನಿಂದ ಚಾಚುತ್ತಿದ್ದರು.

“ಹುಲಿಗೆ ಮಾಂಸ ಕೊಡೋ ಹಾಗೆ ಕೊಡ್ತೀರಲ್ಲ ಅತ್ತೆ.”

“ಹುಲಿಯಾದ್ರೆ ವಾಸಿ, ಮೈಗೆ ಸೀಸ ಮೆತ್ತಿಕೊಂಡು ಬರಲ್ಲ. ಇನ್ನೊಂದು ಸಲ ಸೋಪು ಹಾಕಿ ಅಳಿಯಂದಿರೇ.”

“ಚರ್ಮ ಕಿತ್ತು ಬರುತ್ತೆ.”

“ಬರಲಿ. ಒಳಗೆ ಇನ್ನೊಂದಿರುತ್ತೆ.”

ಮಗುವನ್ನು ಮುಟ್ಟಬೇಡ ಎಂದು ಡಾಕ್ಟರಮ್ಮ ಹೇಳಿರಲಿಲ್ಲ. ಸ್ನಾನವಾದ ಮೇಲೆ ಎತ್ತಿಕೊಳ್ಳಬಹುದು ಎಂದೇ ಹೇಳಿದ್ದರು. ಆದರೆ ಅವನಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ಮಿಡತೆ ಓಡಿಬಂದರೆ ಹಿಂದೆ ಸರಿಯುತ್ತಿದ್ದನು. ಊಟ, ನಿದ್ದೆ ಎರಡನ್ನೂ ಹಿತ್ತಿಲ ಕೋಣೆಗೆ ಸಾಗಿಸಿಕೊಂಡನು. ಹೆಂಡತಿ ಒಂದೆರಡು ಬಾರಿ, “ಅಷ್ಟೊಂದು ಬೇಡ ರೀ, ಅವಳು ಕೇಳ್ತಾಳೆ,” ಎಂದಳು. “ಮೊದಲು ಇಳೀಲಿ,” ಎಂದನು ಅವನು.

ಹೀಗಾಗಿ ತಂದೆ ಮಗಳ ಭೇಟಿ ಕಿಟಕಿಯ ಗಾಜಿಗೆ ಸೀಮಿತವಾಯಿತು. ಹಿತ್ತಿಲ ಕಡೆ ತೆರೆಯುವ ಆ ದೊಡ್ಡ ಕಿಟಕಿ ಅತ್ತೆಯ ಕೆಲಸದ ಕೋಣೆಯದು. ಗಾಡಿಯ ಸದ್ದು ಕೇಳಿದೊಡನೆ ಮಿಡತೆ ಪರದೆಯ ಹಿಂದೆ ನುಸುಳಿ ಗಾಜಿಗೆ ಮೂಗು ಒತ್ತುತ್ತಿದ್ದಳು. ಅವನು ಹೊರಗಿನಿಂದ ಬೆರಳಲ್ಲಿ ಎರಡು ಸಲ ತಟ್ಟಿದರೆ ಅವಳು ಒಳಗಿನಿಂದ ಎರಡು ಸಲ. ಅವನು ಸ್ನಾನಕ್ಕೆ ತಗಡಿನ ಮರೆಗೆ ಹೋದರೂ, “ಅಪ್ಪ ಬತ್ತಾನೆ,” ಎಂದು ಅಲ್ಲೇ ಕಾಯುತ್ತಿದ್ದಳು. ಒಳಗಿನವರಿಗೆ ಕಾಣುತ್ತಿದ್ದುದು ಪರದೆಯ ಕೆಳಗಿನ ಎರಡು ಪುಟ್ಟ ಹಿಮ್ಮಡಿಗಳು ಮಾತ್ರ.

ಆ ಪರದೆಯ ಬಗ್ಗೆ ಎರಡು ಮಾತು ಹೇಳಬೇಕು. ಅತ್ತೆ ಪರದೆ ಹೊಲಿಯುವವರು. ಹೋಟೆಲುಗಳಿಗೆ, ಕಚೇರಿಗಳಿಗೆ, ಸುತ್ತಲಿನ ಮನೆಗಳಿಗೆ ಅವರದೇ ಪರದೆ. “ನನ್ನ ಪರದೆ ಬಿರುಗಾಳಿಗೂ ಕತ್ತು ಅಲ್ಲಾಡಿಸಲ್ಲ,” ಎಂಬುದು ಅವರ ಹೆಮ್ಮೆ. ಗುಟ್ಟು ಕೆಳಗಿನ ಮಡಿಕೆಯಲ್ಲಿತ್ತು: ಎರಡೂ ಮೂಲೆಗಳಲ್ಲಿ ನಾಣ್ಯದಂಥ ಬಿಲ್ಲೆಯೊಂದನ್ನು ಬಟ್ಟೆಯೊಳಗೆ ಇಟ್ಟು ಹೊಲಿದರೆ ಪರದೆ ಒನಪಿನಿಂದ ನೇರವಾಗಿ ಇಳಿಬೀಳುತ್ತದೆ. ಮದುವೆಯಾದ ಹೊಸತರಲ್ಲಿ ಅತ್ತೆಯ ಮನಸ್ಸು ಗೆಲ್ಲಲು ಅಳಿಯ ಆ ಬಿಲ್ಲೆಗಳನ್ನು ತನ್ನ ಅಂಗಡಿಯಲ್ಲಿ ತಾನೇ ತಟ್ಟಿ ಡಬ್ಬಗಟ್ಟಲೆ ತಂದುಕೊಟ್ಟಿದ್ದನು. ಅವನ ಕೈಯ ಕೆಲಸವನ್ನು ಅತ್ತೆ ಬಾಯ್ತುಂಬ ಹೊಗಳಿದ್ದು ಅದೊಂದೇ ಸಲ.

ಬೇಸಿಗೆ ಮುಗಿಯಿತು. ಎರಡನೆಯ ಫಲಿತಾಂಶ ಬಂತು. ಇಪ್ಪತ್ತೇಳು.

“ಏರಿದೆಯಲ್ಲ,” ಎಂದರು ಡಾಕ್ಟರಮ್ಮ, ಹುಬ್ಬು ಗಂಟಿಕ್ಕಿ. “ನೀವು ಇಷ್ಟೆಲ್ಲ ಮಾಡಿದ ಮೇಲೆ ಇಳೀಬೇಕಿತ್ತು. ಬೇರೆ ಏನೋ ಇದೆ. ಹಳೇ ಬಣ್ಣ, ಆಟದ ಸಾಮಾನು, ನೀರಿನ ಪೈಪು, ಎಲ್ಲ ನೋಡಿ.”

ಬೇರೆ ಏನೋ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮನೆಗೆ ಬಂದವರೇ ಹಿತ್ತಿಲ ಬಾಗಿಲಲ್ಲಿ ನಿಂತರು. ಅಂದು ಕೈಯಲ್ಲಿ ಕೋಲಿರಲಿಲ್ಲ.

“ಅಳಿಯಂದಿರೇ, ಬೈಯೋಕೆ ಬಂದಿಲ್ಲ ನಾನು. ಅಂಗಡಿ ಮುಚ್ಚಿಬಿಡಿ. ಬೇರೆ ಏನಾದರೂ ಮಾಡಿ. ಅಲ್ಲಿವರೆಗೆ ಬೇರೆ ಎಲ್ಲಾದ್ರೂ ಇರಿ.”

“ಅಮ್ಮಾ!” ಎಂದಳು ಮೇಸ್ತ್ರಿಯ ಹೆಂಡತಿ.

“ಸುಮ್ನಿರೇ. ಕೂಸಿಗಿಂತ ಅಂಗಡಿ ದೊಡ್ಡದಾ?”

ಮೇಸ್ತ್ರಿ ತಲೆ ತಗ್ಗಿಸಿದನು. ಹದಿಹರೆಯದಿಂದ ಕಲಿತ ಏಕೈಕ ಕೆಲಸ ಅದು. ಸತ್ತ ಬ್ಯಾಟರಿಗೆ ಜೀವ ಬಂದು ಗಾಡಿಯ ದೀಪ ಫಕ್ಕನೆ ಹೊತ್ತಿಕೊಳ್ಳುವ ಆ ಗಳಿಗೆಯ ಹೊರತು ಅವನಿಗೆ ಬೇರೆ ಹೆಮ್ಮೆಯೂ ಇರಲಿಲ್ಲ. “ಆಯ್ತು ಅತ್ತೆ,” ಎಂದನು. “ನಾಳೆ ಬೀಗ ಹಾಕ್ತೀನಿ.”

ಮರುದಿನ ಅಂಗಡಿಗೆ ಬೀಗ ಹಾಕಿ, ಬಟ್ಟೆಬರೆ ಒಯ್ಯಲು ಸಂಜೆ ಮನೆಗೆ ಬಂದನು. ಗಾಡಿ ತರಲಿಲ್ಲ, ನಡೆದೇ ಬಂದಿದ್ದರಿಂದ ಸದ್ದಾಗಲಿಲ್ಲ. ಮಿಡತೆ ಆಗಲೇ ಪರದೆಯ ಹಿಂದಿದ್ದಳು, ಆದರೆ ಗಾಜಿನ ಕಡೆ ಅವಳ ಗಮನವಿರಲಿಲ್ಲ. ನೆಲಕ್ಕೆ ಕುಳಿತು, ಪರದೆಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಮಿಠಾಯಿ ಚೀಪುವಂತೆ ಚೀಪುತ್ತಿದ್ದಳು. ಆಮೇಲೆ ದವಡೆಗೆ ಸಿಕ್ಕಿಸಿ ಕಚ್ಚಿದಳು.

ಮೇಸ್ತ್ರಿಗೆ ಮೊದಲು ನಗು ಬಂತು. ಮರುಕ್ಷಣ ಆ ಮೂಲೆಯೊಳಗೆ ಏನಿದೆ ಎಂಬುದು ನೆನಪಾಯಿತು. ಒಳಗಿನಿಂದ ನೋಡಿದರೆ ಪರದೆ ಅವಳನ್ನು ಮುಚ್ಚುತ್ತದೆ. ಹೊರಗೆ ನಿಂತವನಿಗೆ ಮಾತ್ರ ಅದು ಕಾಣಲು ಸಾಧ್ಯವಿತ್ತು.

ಅವನು ಓಡಿದನು. ಡಬ್ಬ, ನಲ್ಲಿ, ಸೋಪು ಎಲ್ಲವನ್ನೂ ದಾಟಿ ನೇರವಾಗಿ ಕೆಲಸದ ಕೋಣೆಗೆ ನುಗ್ಗಿದನು.

“ಅಯ್ಯೋ, ಸ್ನಾನ! ಹಾಗೇ ಬಂದ್ರಲ್ಲ!” ಅತ್ತೆ ಹೊಲಿಗೆ ಯಂತ್ರ ಬಿಟ್ಟು ಎದ್ದರು.

“ಕತ್ತರಿ ಕೊಡಿ.”

“ಏನು ತಲೆ ಕೆಟ್ಟಿದೆಯಾ—”

“ಕತ್ತರಿ ಅತ್ತೆ!”

ಅವನು ಅತ್ತೆಯೆದುರು ದನಿ ಏರಿಸಿದ್ದು ಅದೇ ಮೊದಲು. ಅವರು ಕೊಟ್ಟರು. ಎಂಜಲಿನಿಂದ ತೊಯ್ದು ಬೂದಾಗಿದ್ದ ಮೂಲೆಯನ್ನು ಅವನು ಬಿಡಿಸಿದನು. ಬಿಲ್ಲೆ ಮೇಜಿನ ಮೇಲೆ ಬಿದ್ದು, ಖಣ್ಣೆನ್ನದೆ, ಮಂಕಾಗಿ ಸದ್ದು ಮಾಡಿತು. ಸೀಸ ಬಹಳ ಮೆತುವಾದ ಲೋಹ; ಸುತ್ತಿಗೆ ಹೇಳಿದಂತೆ ಕೇಳುತ್ತದೆ, ಹಾಲುಹಲ್ಲು ಹೇಳಿದಂತೆಯೂ ಕೇಳುತ್ತದೆ. ಅದರ ಅಂಚಿನ ಸುತ್ತ, ಬಟ್ಟೆಯ ನೂಲಿನ ಗುರುತಿನೊಂದಿಗೆ, ಪುಟ್ಟ ಹಲ್ಲಿನ ಗುಳಿಗಳು ಸಾಲಾಗಿ ಮೂಡಿದ್ದವು.

ಹೆಂಡತಿ ಅದನ್ನು ನೋಡಿ ಮಗುವಿನ ಬಾಯಿ ತೊಳೆಯಲು ಎತ್ತಿಕೊಂಡು ಓಡಿದಳು. ಅತ್ತೆ ಬಿಲ್ಲೆ ಎತ್ತಿಕೊಂಡು ಆ ಗುಳಿಗಳ ಮೇಲೆ ಬೆರಳಾಡಿಸಿದರು.

“ಮೊದಲು ಆಗಾಗ ಹೋಗ್ತಿದ್ಲು ಪರದೆ ಹಿಂದೆ,” ಎಂದರು ನಿಧಾನವಾಗಿ. “ನಿಮ್ಮನ್ನ ಹೊರಗೆ ಹಾಕಿದ ಮೇಲೆ ದಿನಾ ಸಂಜೆ ಅಲ್ಲೇ. ನಿಮಗೇ ಕಾಯ್ತಾ. ಅದಕ್ಕೇ ಏರ್ತು.” ಬಿಲ್ಲೆ ಕೆಳಗಿಟ್ಟು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ ನಾನು.”

“ಎಮ್ಮೆ ಏನೂ ಸಾಚಾ ಅಲ್ಲ ಅತ್ತೆ. ಬಿಲ್ಲೆ ತಟ್ಟಿಕೊಟ್ಟದ್ದು ಅದೇ.”

ಅತ್ತೆಗೆ ಅಳುವಿನ ನಡುವೆಯೇ ನಗು ಬಂತು. “ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ವಿ.”

ಡಾಕ್ಟರಮ್ಮ ಹೊಟ್ಟೆಯ ಎಕ್ಸ್‌ರೇ ತೆಗೆಸಿದರು. ಯಾವ ಚೂರೂ ಒಳಗೆ ಹೋಗಿರಲಿಲ್ಲ. ಹಾಲು, ಮೊಟ್ಟೆ, ಸೊಪ್ಪು ಕೊಡಿ, ಹೊಟ್ಟೆ ಖಾಲಿ ಬಿಡಬೇಡಿ ಎಂದರು. “ಅಂಗಡಿ?” ಎಂದು ಮೇಸ್ತ್ರಿ ಕೇಳಿದಾಗ, “ಸ್ನಾನದ ಕ್ರಮ ಬಿಡಬೇಡಿ, ಅದು ಸರಿಯಾಗೇ ಇದೆ. ಮುಖಕ್ಕೆ ಮಾಸ್ಕ್ ಹಾಕಿ, ನಿಮ್ಮ ರಕ್ತಾನೂ ಪರೀಕ್ಷೆ ಮಾಡಿಸಿ. ಮಗೂನ ಎತ್ತಿಕೊಳ್ಳಿ,” ಎಂದರು.

ಅಂದೇ ಅಂಗಡಿಯ ಬೀಗ ತೆಗೆದ ಅವನು ಸಂಜೆ ಹೇಳಿಸಿಕೊಳ್ಳದೆ ಇನ್ನೊಂದು ಸಲ ಸೋಪು ಹಾಕಿದನು. ಒಗೆದ ಬಟ್ಟೆಯನ್ನು ಅತ್ತೆ ಕೈಯಲ್ಲೇ ತಂದುಕೊಟ್ಟರು. ಅವನು ಒಳಗೆ ಬಂದು ಮಂಡಿಯೂರಿ ಕೈ ಚಾಚಿದರೆ ಮಿಡತೆ ನಂಬಲಿಲ್ಲ; ಮೊದಲು ಅವನ ಹಣೆಯನ್ನು ಬೆರಳಲ್ಲಿ ಎರಡು ಸಲ ತಟ್ಟಿದಳು. ಗಾಜು ಇಲ್ಲವೆಂದು ಖಾತ್ರಿಯಾದ ಮೇಲೆ ಹೆಗಲಿಗೇರಿದಳು.

ಉಳಿದದ್ದು ಊರಿನ ಪರದೆಗಳ ಪ್ರಶ್ನೆ. ಬೇಸಿಗೆಯಲ್ಲಿ ಅಳಿಯನಿಗೆ ಕೋಲು ಚಾಚಿದ್ದ ಅತ್ತೆ ಈಗ ಅವನದೇ ಗಾಡಿಯ ಹಿಂದೆ ಕುಳಿತು, ಮಡಿಲಲ್ಲಿ ಕತ್ತರಿ ಮತ್ತು ಸ್ಟೀಲ್ ವಾಷರ್‌ಗಳ ಚೀಲ ಇಟ್ಟುಕೊಂಡು, ಹೊಲಿದುಕೊಟ್ಟ ಮನೆಗಳ ಬಾಗಿಲು ತಟ್ಟಿದರು. ಮಕ್ಕಳಿರುವ ಮನೆ ಮೊದಲು, ಹೋಟೆಲು ಕೊನೆಗೆ. “ನಾನು ತಪ್ಪು ತೂಕ ಹಾಕಿದ್ದೆ, ಬದಲಾಯಿಸಿಕೊಡ್ತೀನಿ,” ಎಂದು ಎಲ್ಲರಿಗೂ ನೆಟ್ಟಗೆ ಹೇಳಿದರು. ಬಿಚ್ಚಿದ ಬಿಲ್ಲೆಗಳನ್ನು ಮೇಸ್ತ್ರಿ ಮುಚ್ಚಳದ ಡಬ್ಬದಲ್ಲಿ ಬಿಗಿದು, ಹಳೆಯ ಬ್ಯಾಟರಿಗಳ ಜೊತೆ ಸೀಸ ಶುದ್ಧಿ ಮಾಡುವ ಕಾರ್ಖಾನೆಗೆ ಕಳಿಸಿದನು. ಸ್ವಂತ ಕಿಟಕಿಯ ಪರದೆಗೆ ಮಾತ್ರ ಅತ್ತೆ ಏನನ್ನೂ ಹಾಕಲಿಲ್ಲ. ಗಾಳಿ ಬೀಸಿದಾಗ ಅದು ಕೋಣೆಯ ನಡುವಿನವರೆಗೂ ಹಾರುತ್ತಿತ್ತು, ಮಿಡತೆ ಅದರ ಕೆಳಗೆ ಜಿಗಿಯುತ್ತಿದ್ದಳು.

“ಕತ್ತು ಅಲ್ಲಾಡಿಸ್ತಿದೆ ಅತ್ತೆ, ನಿಮ್ಮ ಪರದೆ.”

“ಅಲ್ಲಾಡಿಸಲಿ ಬಿಡಿ ಅಳಿಯಂದಿರೇ. ನನಗೂ ಅಭ್ಯಾಸ ಆಗ್ತಿದೆ.”

ಚಳಿಗಾಲದಲ್ಲಿ ಮೂರನೆಯ ಬಾರಿ ರಕ್ತ ತೆಗೆದರು. ಸೂಜಿ ಚುಚ್ಚುವಾಗ ಮಿಡತೆ ಅಪ್ಪನ ತೊಡೆಯ ಮೇಲಿದ್ದಳು. ಫಲಿತಾಂಶ: ಸೀಸ, ಡೆಸಿಲೀಟರಿಗೆ ಎಂಟು ಮೈಕ್ರೋಗ್ರಾಂ, ಇಳಿಯುತ್ತಿದೆ.