ಐದು ಅಂಕಿ

"ಬಂತು, ಸುಮ್ಕಿರ್ರಿ ಮೇಷ್ಟ್ರೇ," ಎಂದು ಸುಂಕಪ್ಪ ಎಡಗೈ ಎತ್ತಿದ. ಬಲಗೈಯ ಎರಡು ಬೆರಳು ರೇಡಿಯೋದ ತಿರುಪಿನ ಮೇಲಿದ್ದವು. ಮೂವತ್ತೊಂದು ಮೀಟರಿನ ಹತ್ತಿರ ಮುಳ್ಳು ಕೂದಲೆಳೆಯಷ್ಟು ಸರಿಯಿತು. ಗರಗರ ಸದ್ದಿನೊಳಗಿಂದ ಒಬ್ಬ ಹೆಂಗಸಿನ ದನಿ ಎದ್ದು, ಮುಳುಗಿ, ಮತ್ತೆ ಎದ್ದಿತು. ಬಾಗಿಲ ಬಳಿ ಕುರ್ಚಿಯ ಮೇಲೆ ಕೂತಿದ್ದ ಹಂಪಯ್ಯ ಮೇಷ್ಟ್ರು ಮುಂದಕ್ಕೆ ಬಾಗಿ ಕೇಳಿದರು.

"ಇಂಗ್ಲಿಷು. ಜಪಾನ್ ಅಂದ್ಲು ನೋಡು. ಬರ್ಕೊ, ಬರ್ಕೊ."

ಸುಂಕಪ್ಪ ನೋಟುಬುಕ್ಕಿನಲ್ಲಿ ತಾರೀಖು, ಹೊತ್ತು, ಮೀಟರು ಬರೆದು, ಅದರ ಮುಂದೆ ಐದು ಅಂಕಿ ಹಾಕಿದ. ಸದ್ದಿನ ಬಲಕ್ಕೆ ಒಂದು, ಪಕ್ಕದ ಸ್ಟೇಷನ್ನಿನ ಕಾಟಕ್ಕೆ ಒಂದು, ಗರಗರಕ್ಕೆ ಒಂದು, ಏರಿಳಿತಕ್ಕೆ ಒಂದು, ಕೊನೆಯದು ಒಟ್ಟಾರೆಗೆ. ಎಲ್ಲವೂ ಐದಕ್ಕೆ ಇಷ್ಟು ಎಂಬ ಲೆಕ್ಕ. ಈ ಲೆಕ್ಕ ಕಲಿಸಿದವರು ಹಂಪಯ್ಯ ಮೇಷ್ಟ್ರೇ.

ಕುರುಗೋಡಿನ ಬಸ್ ನಿಲ್ದಾಣದ ಎದುರು ಸುಂಕಪ್ಪನ ಸೈಕಲ್ ಶಾಪು, ಅದರ ಹಿಂದೆಯೇ ಮನೆ. ನಾಲ್ಕು ವರ್ಷದ ಹಿಂದೆ ಬಳ್ಳಾರಿಯಿಂದ ಹಳೆಯ ವಾಲ್ವ್ ರೇಡಿಯೋ ತಂದವನು, ಧಾರವಾಡ ಸ್ಟೇಷನ್ನಿನ ಹಾಡು ಮುಗಿದ ಮೇಲೂ ತಿರುಪು ತಿರುಗಿಸುತ್ತ ಕೂರುತ್ತಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಹಂಪಯ್ಯ ಒಂದು ಮುಂಜಾನೆ ಆ ಸದ್ದು ಕೇಳಿ ಒಳಗೆ ಬಂದರು. ದೂರದೇಶದ ಸ್ಟೇಷನ್ನಿನವರಿಗೆ ನಿಮ್ಮ ಸದ್ದು ನಮ್ಮೂರಿಗೆ ಹೀಗೆ ಬಂತು ಎಂದು ಬರೆದು ಹಾಕಿದರೆ ಅವರು ಚಿತ್ರದ ಕಾರ್ಡು ಕಳಿಸುತ್ತಾರೆ ಎಂದು ಹೇಳಿದವರು ಅವರು. ಹುಡುಕುವ ಕಿವಿ ಸುಂಕಪ್ಪನದು, ಇಂಗ್ಲಿಷಿನಲ್ಲಿ ಬರೆಯುವ ಕೈ ಮೇಷ್ಟ್ರದು. ಮೊದಲ ಕಾರ್ಡು ಬಂದ ದಿನ ಇಬ್ಬರೂ ಅದನ್ನು ಹಿಡಿದು ಅಂಗಡಿ ಬಾಗಿಲಲ್ಲೇ ನಿಂತಿದ್ದರು. ಹಿಮದ ಬೆಟ್ಟದ ಚಿತ್ರ, ಹಿಂದುಗಡೆ ಇಂಗ್ಲಿಷಿನಲ್ಲಿ ಸುಂಕಪ್ಪನ ಹೆಸರು.

ಇಂಗ್ಲಿಷ್ ಬಾರದ ಸುಂಕಪ್ಪ ಸ್ಟೇಷನ್ನುಗಳಿಗೆ ತನ್ನದೇ ಹೆಸರಿಟ್ಟುಕೊಂಡಿದ್ದ. ಶುರುವಿನಲ್ಲಿ ಗಂಟೆ ಬಾರಿಸುವುದು 'ಗಂಟಿ', ಕೊಳಲೂದುವುದು 'ಕೊಳಲು', ನಕ್ಕಂತೆ ಕೂಗುವ ಹಕ್ಕಿಯ ದನಿ ಹಾಕುವ ಆಸ್ಟ್ರೇಲಿಯಾ 'ಹಕ್ಕಿ'. ನೋಟುಬುಕ್ಕಿನ ತುಂಬ ಇವೇ ಹೆಸರು, ಇವೇ ಅಂಕಿ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಹೋಟೆಲಿನಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲೂ ಗೂಢಚಾರರದೇ ಮಾತು. ಪರದೇಶದ ಸ್ಟಾಂಪಿನ ಕಾಗದ ಸೈಕಲ್ ಶಾಪಿಗೆ ಯಾಕೆ ಬರುತ್ತವೆ ಎಂದು ಯಾರೋ ಕೇಳಿದರಂತೆ. ಆ ಭಾನುವಾರ ಮಧ್ಯಾಹ್ನ ಹಂಪಯ್ಯ ಮೇಷ್ಟ್ರು ಮನೆಗೆ ಬಂದರು. ಕೂರಲಿಲ್ಲ.

"ಸುಂಕಪ್ಪ, ಕಾರ್ಡು, ನಾ ಬರೆದ ಕಾಗದದ ನಕಲು, ಎಲ್ಲಾ ಕೊಡು. ಈಗ ದಿನಮಾನ ಸರಿ ಇಲ್ಲ. ನಮ್ಮನಿಯಾಗ ಇದ್ರ ಯಾರೂ ಕೇಳಂಗಿಲ್ಲ."

ಸುಂಕಪ್ಪ ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿ ಕೊಟ್ಟ. ನೋಟುಬುಕ್ಕನ್ನೂ ಚಾಚಿದ.

"ಅದು ನಿನ್ನ ಕೈಬರಹ. ಇರ್ಲಿ ಬಿಡು," ಎಂದರು ಮೇಷ್ಟ್ರು.

ಅವರು ಹೋದ ಮೇಲೆ ಸುಂಕಪ್ಪನ ಹೆಂಡತಿ ಮಾರೆಮ್ಮ, "ಒಡಹುಟ್ಟಿದೋರೂ ಇಷ್ಟು ಕಾಳಜಿ ಮಾಡಂಗಿಲ್ಲ," ಎಂದಳು. ಸುಂಕಪ್ಪನಿಗೂ ಹಾಗೆಯೇ ಅನಿಸಿತ್ತು.

ಮಂಗಳವಾರ ಪೊಲೀಸ್ ಜೀಪು ಬಂತು. ರೇಡಿಯೋ, ಅದಕ್ಕೆಂದು ಮಾಳಿಗೆಯ ಮೇಲೆ ಕಟ್ಟಿದ್ದ ತಾಮ್ರದ ತಂತಿ, ನೋಟುಬುಕ್ಕು ಮೂರನ್ನೂ ಜೀಪಿಗೆ ಹಾಕಿ, ಸುಂಕಪ್ಪನನ್ನೂ ಹತ್ತಿಸಿಕೊಂಡರು. ಪೋಸ್ಟಾಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕವನ್ನು ಮಾರೆಮ್ಮ ಓಡಿ ತಂದು ಕೊಟ್ಟಳು. ಅದರಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಜೀಪು ಬಳ್ಳಾರಿಯ ದಾರಿ ಹಿಡಿಯಿತು.

ಬಳ್ಳಾರಿಯಲ್ಲಿ ಒಬ್ಬ ಸಾಹೇಬರು ನೋಟುಬುಕ್ಕು ತೆರೆದು ಮೇಜಿನ ಮೇಲಿಟ್ಟರು. ಗಟ್ಟಿಯಾಗಿ ಮಾತಾಡುವವರಲ್ಲ.

"ಹಕ್ಕಿ, ಇಪ್ಪತ್ತೈದು, ನಾಲ್ಕು ಮೂರು ಮೂರು ನಾಲ್ಕು ಮೂರು. ಏನಿದು?"

"ಸದ್ದು ಹೆಂಗ ಬರ್ತೈತಿ ಅಂತ ಬರೆದದ್ರಿ."

"ಯಾಕ ಬರೀಬೇಕು?"

"ಬರದ್ರ ಅವ್ರು ಕಾರ್ಡು ಕಳಿಸ್ತಾರ್ರಿ."

"ಎಲ್ಲಿ ಅದಾವ ಕಾರ್ಡು?"

ಸುಂಕಪ್ಪನಿಗೆ ಆಗಲೇ ಜೀವ ಬಂದಂತಾಯಿತು. "ಹಂಪಯ್ಯ ಮೇಷ್ಟ್ರ ಹತ್ರ ಅದಾವ್ರಿ. ನಮ್ಮೂರ ಹೈಸ್ಕೂಲ್ ಮೇಷ್ಟ್ರು. ಅವ್ರನ್ನ ಕೇಳ್ರಿ, ಒಂದೇ ಮಾತಿನಾಗ ಹೇಳ್ತಾರ."

ಮರುದಿನ ಹನ್ನೊಂದರ ಹೊತ್ತಿಗೆ ಮೇಷ್ಟ್ರನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಗೋಡೆಗೆ ಒರಗಿ ಕೂತಿದ್ದ ಸುಂಕಪ್ಪ ಅವರನ್ನು ಕಂಡವನೇ ಎದ್ದು ನಿಂತ. ಅವರು ಇವನ ಕಡೆ ನೋಡಲಿಲ್ಲ. ಸಾಹೇಬರ ಮೇಲಿನ ಮರ್ಯಾದೆಯಿಂದ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡ.

"ಇವರ ಕಾರ್ಡು ನಿಮ್ಮ ಹತ್ರ ಅದಾವಂತ."

"ಯಾವ ಕಾರ್ಡೂ ನನಗ ಗೊತ್ತಿಲ್ರಿ ಸಾರ್."

"ಇಂಗ್ಲಿಷ್ ಕಾಗದ ನೀವೇ ಬರೆದುಕೊಟ್ಟೀರಂತ."

"ಊರಾಗ ನಾಕು ಮಂದಿ ಬಂದು ಅರ್ಜಿ ಬರೆಸ್ಕೊಂಡು ಹೋಗ್ತಾರ್ರಿ. ಇವನೂ ಒಂದೆರಡು ಸಲ ಬಂದಿರಬೌದು. ವಿಳಾಸ ಬರೆದುಕೊಟ್ಟಿರ್ತೀನಿ, ಅಷ್ಟ."

ಸಾಹೇಬರು ನೋಟುಬುಕ್ಕನ್ನು ಅವರ ಕಡೆ ತಿರುಗಿಸಿದರು. "ನೀವು ಸೈನ್ಸ್ ಮೇಷ್ಟ್ರು. ಈ ಅಂಕಿ ಏನು ಅಂತ ಹೇಳಾಕ ಆಗ್ತೈತೇನು?"

ಹಂಪಯ್ಯ ಬಹಳ ಹೊತ್ತು ನೋಡಿದರು. ಅವರ ಕಣ್ಣು ಒಂದೊಂದೇ ಸಾಲಿನ ಮೇಲೆ ಇಳಿಯುವುದನ್ನು ಸುಂಕಪ್ಪ ನೋಡುತ್ತಿದ್ದ. ಮೇಷ್ಟ್ರು ಬುದ್ಧಿವಂತರು, ಏನೋ ಉಪಾಯ ಹೂಡುತ್ತಿದ್ದಾರೆ, ಈಗ ತಲೆ ಎತ್ತಿ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ ಎಂದು ಕಾದ.

"ಗೊತ್ತಾಗವಲ್ದು ಸಾರ್," ಎಂದರು ಅವರು.

ಹೇಳಿಕೆಯ ಕೆಳಗೆ ರುಜು ಹಾಕಿ, ಪೆನ್ನಿನ ಟೋಪಿ ಮುಚ್ಚಿ, ಹೊರಟುಹೋದರು. ಸುಂಕಪ್ಪ ಇನ್ನೂ ನಿಂತೇ ಇದ್ದ. ಕೂರು ಎಂದು ಪೇದೆ ಎರಡು ಸಲ ಹೇಳಬೇಕಾಯಿತು. ಅದರ ಮೇಲೆ ಸಾಹೇಬರು ಕೇಳಿದ ಯಾವ ಪ್ರಶ್ನೆಗೂ ಅವನ ಬಾಯಿಂದ ನೆಟ್ಟಗೆ ಉತ್ತರ ಬರಲಿಲ್ಲ. ತಾನು ಹೇಳುವುದು ತನಗೇ ಸುಳ್ಳಿನಂತೆ ಕೇಳತೊಡಗಿತ್ತು.

ಸಂಜೆಯ ಹೊತ್ತಿಗೆ ವೈರ್‌ಲೆಸ್ ಕೋಣೆಯಿಂದ ಪಕ್ಕೀರಪ್ಪನೆಂಬ ಹಿರಿಯ ಆಪರೇಟರನ್ನು ಕರೆಸಿದರು. ಆತ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಾಲ್ಕು ಹಾಳೆ ಮಗುಚಿದ.

"ಸಾರ್, ಇವು ಸದ್ದಿಗೆ ಹಾಕೋ ಮಾರ್ಕು. ನಮ್ಮಲ್ಲೂ ಸದ್ದು ಹೆಂಗ ಬರ್ತೈತಿ ಅಂತ ಅಂಕಿ ಹಾಕಿ ಹೇಳ್ತೀವಿ. ಆದ್ರ ಈ ಹಕ್ಕಿ, ಗಂಟಿ ಏನಂತ ತಿಳೀವಲ್ದು." ಸುಂಕಪ್ಪನ ಕಡೆ ತಿರುಗಿದ. "ಬಾರಪ್ಪ. ನಿನ್ನ ಹಕ್ಕಿ ಹುಡುಕಿ ತೋರ್ಸು."

ವೈರ್‌ಲೆಸ್ ಕೋಣೆಯಲ್ಲಿ ಅವನದೇ ರೇಡಿಯೋ ಇಟ್ಟು, ಅಲ್ಲಿನ ತಂತಿ ಸಿಕ್ಕಿಸಿದರು. ವಾಲ್ವು ಬಿಸಿಯಾಗುವ ತನಕ ಎಲ್ಲರೂ ಕಾದರು. ಸುಂಕಪ್ಪ ಬ್ಯಾಂಡಿನ ಗುಂಡಿ ಬದಲಿಸಿ ತಿರುಪು ಹಿಡಿದ. ಇಪ್ಪತ್ತೈದು ಮೀಟರಿನ ಜಾಗದಲ್ಲಿ ಒಂದು ಸಲ ಹೋಗಿ ಬಂದ, ಬರೀ ಸಿಳ್ಳು. ಇನ್ನೊಂದು ಸಲ ಹೋದ. ಯಾವುದೋ ಪ್ರಾರ್ಥನೆ, ತಂತಿ ಸಂದೇಶದ ಟಕಟಕ. ಸಾಹೇಬರು ಗಡಿಯಾರ ನೋಡಿದರು. ಸುಂಕಪ್ಪ ಕಣ್ಣು ಮುಚ್ಚಿ ಮುಳ್ಳನ್ನು ಪೂರಾ ಎಡಕ್ಕೆ ಒಯ್ದು, ಉಸಿರು ಹಿಡಿದು, ಮತ್ತೆ ಬಲಕ್ಕೆ ತಂದ. ಒಂದು ಪಿಸುದನಿಯ ಬಳಿ ನಿಲ್ಲಿಸಿದ. ಬೆರಳನ್ನು ತೆಗೆಯದೆ ಕಾದ. ಏಳೂವರೆಗೆ ಎರಡು ನಿಮಿಷ ಇರುವಾಗ ಗರಗರದ ಒಳಗಿಂದ ಒಂದು ಹಕ್ಕಿ ಮನುಷ್ಯರ ಹಾಗೆ ನಗತೊಡಗಿತು.

ಪೇದೆ ನಕ್ಕುಬಿಟ್ಟ. ಪಕ್ಕೀರಪ್ಪ ಒಂದು ಚೀಟಿಯ ಮೇಲೆ ಐದು ಅಂಕಿ ಬರೆದು ಮುಚ್ಚಿಟ್ಟು, ಸುಂಕಪ್ಪನ ಕೈಗೂ ಒಂದು ಚೀಟಿ ಕೊಟ್ಟ. ಅವನೂ ಬರೆದ ಮೇಲೆ ಎರಡನ್ನೂ ಸಾಹೇಬರು ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಅಂಕಿ ಬಿಟ್ಟು ಉಳಿದ ನಾಲ್ಕೂ ತಾಳೆಯಾದವು.

"ಕಿವಿ ಚೊಲೊ ಐತಪ್ಪ ನಿಂದು," ಎಂದ ಪಕ್ಕೀರಪ್ಪ. ಬೇರೆ ದಿನವಾಗಿದ್ದರೆ ಆ ಮಾತನ್ನು ಸುಂಕಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ತಲೆ ಮಾತ್ರ ಆಡಿಸಿದ.

ಬೆಳಿಗ್ಗೆ ಅವನನ್ನು ಬಿಟ್ಟರು. ಯುದ್ಧ ಮುಗಿಯುವ ತನಕ ರೇಡಿಯೋ ಅಲ್ಲೇ ಇರಲಿ ಎಂದರು. ಕುರುಗೋಡಿನ ಬಸ್ಸಿನಿಂದ ಇಳಿದಾಗ ಅಂಗಡಿಯ ಮುಂದೆ ಇಬ್ಬರು ನಿಂತಿದ್ದವರು ಇವನನ್ನು ಕಂಡು ಸರಿದುಹೋದರು. ಮಾರೆಮ್ಮ ನೀರು ಕೊಟ್ಟು, ಅವನು ಕುಡಿಯುವ ತನಕ ಕಾದಳು.

"ನಿನ್ನನ್ನ ಕರ್ಕೊಂಡು ಹೋದ ದಿನಾನ ಮೇಷ್ಟ್ರ ಮನಿಗೆ ಹೋಗಿದ್ದೆ," ಎಂದಳು ಆಮೇಲೆ. "ಕಾರ್ಡು ಕೊಡ್ರಿ, ಪೊಲೀಸ್ರಿಗೆ ತೋರಿಸ್ತೀನಿ ಅಂದೆ. ಅವ್ರು ಒಳಗಿದ್ರೂ ಹೊರಗ ಬರ್ಲಿಲ್ಲ. ಅವ್ರ ಹೆಂಡ್ತಿ ವೀರಭದ್ರಮ್ಮ ಬಾಗಿಲಿಗೆ ಬಂದು ಹೇಳಿದ್ಲು. ಕಾರ್ಡೆಲ್ಲಾ ಭಾನುವಾರ ಸಂಜಿಗೇ ಬಚ್ಚಲ ಒಲಿಗೆ ಹಾಕಿದ್ರಂತ. ಡಬ್ಬಿ ಅಷ್ಟ ಉಳದೈತಿ, ಬೇಕಂದ್ರ ಒಯ್ಯಿ ಅಂದ್ಲು."

"ಭಾನುವಾರಾನ?"

"ಹೂಂ. ನಮ್ಮನಿಯಿಂದ ಹೋದವ್ರೇ ಒಲಿಗೆ ಹಾಕ್ಯಾರ."

ಸುಂಕಪ್ಪ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ. ಬಳ್ಳಾರಿಯಲ್ಲಿ ಸಾಹೇಬರ ಎದುರು ಹೆದರಿ ಸುಳ್ಳು ಹೇಳಿದರು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದ. ಹೆದರಿದ ಮನುಷ್ಯ ಏನಾದರೂ ಅಂದುಬಿಡುತ್ತಾನೆ. ಆದರೆ ಭಾನುವಾರ ಇನ್ನೂ ಯಾವ ಪೊಲೀಸರೂ ಅವರನ್ನು ಕೇಳಿರಲಿಲ್ಲ. ಅವನು ಎದ್ದು ಅಂಗಡಿಗೆ ಹೋಗಿ ಮಧ್ಯಾಹ್ನದವರೆಗೆ ಒಂದೇ ಚಕ್ರದ ಕಡ್ಡಿಗಳನ್ನು ಬಿಗಿ ಮಾಡುತ್ತ ಕೂತ.

ಯುದ್ಧ ಮುಗಿಯಿತು. ರೇಡಿಯೋ ಬಂತು. ಮಾರೆಮ್ಮ ಅದರಲ್ಲಿ ಧಾರವಾಡ ಸ್ಟೇಷನ್ ಹಾಕಿಕೊಳ್ಳುತ್ತಿದ್ದಳು. ಸುಂಕಪ್ಪ ಮಾಳಿಗೆಯ ಮೇಲೆ ಮತ್ತೆ ತಂತಿ ಕಟ್ಟಲಿಲ್ಲ. ಹಂಪಯ್ಯ ಮೇಷ್ಟ್ರು ಬಸ್ ನಿಲ್ದಾಣದ ದಾರಿ ಬಿಟ್ಟು ಗುಡ್ಡದ ಬದಿಯಿಂದ ಸುತ್ತಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದರು.

ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಸೈಕಲ್ ತಳ್ಳಿಕೊಂಡು ಬಂದು ಅಂಗಡಿಯ ಮುಂದೆ ನಿಂತರು.

"ಹಿಂದಿನ ಗಾಲಿ ಪಂಚರ್ ಆಗೈತಿ."

ಸುಂಕಪ್ಪ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಟೈರು ಎಬ್ಬಿಸಿ ಟ್ಯೂಬು ಎಳೆದ. ಗಾಳಿ ಹೊಡೆದು, ನೀರಿನ ಬೋಗುಣಿಯಲ್ಲಿ ಅದ್ದಿದ.

"ನನ್ನ ನೌಕ್ರಿ ಇನ್ನಾ ಕಾಯಂ ಆಗಿಲ್ಲ ಸುಂಕಪ್ಪ," ಎಂದರು ಮೇಷ್ಟ್ರು, ರಸ್ತೆಯ ಕಡೆ ನೋಡುತ್ತ. "ಸಿರುಗುಪ್ಪದಾಗ ಅವ್ವ ಅದಾಳ. ಇಬ್ರು ತಂಗ್ಯಾರ ಲಗ್ನ ಆಗಬೇಕು. ಒಂದು ಕಾಗದದಾಗ ನನ್ನ ಹೆಸರು ಬಂದಿದ್ರ ಎಲ್ಲಾ ಮುಗೀತಿತ್ತು. ನಿನಗಾದ್ರ ಸ್ವಂತ ಅಂಗಡಿ ಐತಿ, ಯಾರೂ ತೆಗಿಯಾಕ ಬರಂಗಿಲ್ಲ. ಹಂಗಂತ ತಿಳ್ಕೊಂಡೆ."

ಸುಂಕಪ್ಪ ಟ್ಯೂಬನ್ನು ಗೇಣು ಗೇಣಾಗಿ ನೀರಿನಲ್ಲಿ ಹಾಯಿಸುತ್ತಿದ್ದ. ಒಂದು ಸುತ್ತು ಮುಗಿಯಿತು. ವಾಲ್ವಿನ ಬುಡವನ್ನೂ ಮುಳುಗಿಸಿ ನೋಡಿದ. ಇನ್ನೊಂದು ಸುತ್ತು ನಿಧಾನವಾಗಿ, ಮುಖವನ್ನು ನೀರಿಗೆ ಹತ್ತಿರ ತಂದು ನೋಡಿದ. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ.

"ಪಂಚರ್ ಇಲ್ಲ ಮೇಷ್ಟ್ರೇ," ಎಂದ.

ಮೇಷ್ಟ್ರ ಕಿವಿ ಕೆಂಪಾಗಿತ್ತು.

ಸುಂಕಪ್ಪ ಟ್ಯೂಬು ಒರೆಸಿ ಒಳಗೆ ಸೇರಿಸಿ, ಟೈರು ಕೂರಿಸಿ, ಪಂಪು ಒತ್ತಿದ. ಹೆಬ್ಬೆರಳಿನಿಂದ ಗಾಲಿ ಒತ್ತಿ ನೋಡಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದ. ಹಂಪಯ್ಯ ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದು ನಿಂತಿದ್ದರು. ಸುಂಕಪ್ಪ ಬೋಗುಣಿಯ ನೀರನ್ನು ರಸ್ತೆಯಂಚಿಗೆ ಚೆಲ್ಲಿ ಒಳಗೆ ಹೋದ.

ಅವರು ಸೈಕಲ್ ಹತ್ತಲಿಲ್ಲ. ಎರಡೂ ಗಾಲಿಯಲ್ಲಿ ಗಾಳಿ ತುಂಬಿದ್ದರೂ ಅದನ್ನು ತಳ್ಳಿಕೊಂಡೇ, ಬಿಸಿಲಲ್ಲಿ, ಹೈಸ್ಕೂಲಿನವರೆಗೂ ನಡೆದು ಹೋದರು.