ಸುಮ್ಮನೆ ಕೂತವಳು

ಮಾತು ಬಾಯಿ ಜಾರಿದ್ದು ಡಾಕ್ಟರಮ್ಮನ ಎದುರಿಗೆ. ಮಗಳ ಮದುವೆಗೆಂದು ಅವರು ಹೇಳಿ ನೇಯಿಸುತ್ತಿದ್ದ ರೇಷ್ಮೆ ಸೀರೆ ಅರ್ಧಕ್ಕೆ ಬಂದಿತ್ತು. ದಾಳಿಂಬೆ ಕೆಂಪಿನ ಒಡಲು, ಗಿಳಿಹಸಿರು ಅಂಚು. ಮಗ್ಗದ ಮೇಲೆ ಬಿಗಿದು ನಿಂತ ಬಟ್ಟೆಯನ್ನು ಮುಟ್ಟಲೋ ಬೇಡವೋ ಎಂದು ಬೆರಳು ಚಾಚಿ ಹಿಂದಕ್ಕೆಳೆದುಕೊಂಡ ಡಾಕ್ಟರಮ್ಮ, "ಇಬ್ರೂ ಸೇರಿ ನೇಯ್ತೀರಾ?" ಎಂದು ಕೇಳಿದರು.

"ನೇಯೋದೆಲ್ಲ ನಾನೇ ಮೇಡಂ," ಎಂದ ನೇಕಾರ, ಮೀಸೆಯ ಮೇಲೆ ಬೆರಳಾಡಿಸುತ್ತ. "ಇವಳು ಸುಮ್ನೆ ಪಕ್ಕದಲ್ಲಿ ಕೂತಿರ್ತಾಳೆ."

ಕಾಫಿ ತರುತ್ತಿದ್ದ ಅವನ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಗುನಗುತ್ತಲೇ ಲೋಟ ಕೊಟ್ಟಳು, ಡಾಕ್ಟರಮ್ಮನನ್ನು ಬಾಗಿಲವರೆಗೂ ಕಳಿಸಿ ಬಂದಳು. ಆಮೇಲೆ ಗಂಡನ ಜೊತೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ಮಗ್ಗದ ಬಲಗಡೆ ತನ್ನ ಜಾಗದಲ್ಲಿ ಕೂತಳು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಗಂಡ ತನ್ನ ಕಡೆಯ ಅಂಚು ಮುಗಿಸಿ ಕೆಂಪು ಲಾಳಿಯನ್ನು ಎಸೆದ. ಅದು ಸರ್ರನೆ ಬಂದು ಅವಳ ಮುಂದೆ ನಿಂತಿತು. ಅಲ್ಲಿ ಕೆಂಪೆಳೆಗೆ ಹಸಿರೆಳೆಯನ್ನು ಸಿಕ್ಕಿಸಿ, ಹಸಿರು ಲಾಳಿಯನ್ನು ಅಂಚಿನೊಳಗೆ ತೂರಿಸುವುದು ಅವಳ ಕೆಲಸ. ಅದಾಗದಿದ್ದರೆ ಅಂಚು ಒಂದು ಕಡೆ, ಸೀರೆ ಇನ್ನೊಂದು ಕಡೆ.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು.

"ಇವಳೇ, ಲಾಳಿ."

ಹಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು.

"ಲಾಳಿ ಅಂದೆ ಕಣೇ!"

ಅವಳು ಹೊಸ್ತಿಲ ಬಳಿ ನೂಲು ಸುತ್ತುತ್ತಿದ್ದ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮ್ಮ ಮಗನಿಗೆ ಹೇಳಿ. ನಾನು ಸುಮ್ನೆ ಪಕ್ಕದಲ್ಲಿ ಕೂತಿರೋಳು. ಕೂತಿದೀನಿ."

"ಕೂತಿದಾಳಂತೆ ಕಣೋ," ಎಂದರು ಅತ್ತೆ.

"ಕಾಣ್ತಿದೆಯಮ್ಮ!"

"ಕಾಣ್ತಿದೆಯಂತೆ ಕಣೇ."

"ಈಗಲಾದ್ರೂ ಕಂಡ್ನಲ್ಲ, ಸಂತೋಷ ಅಂತ ಹೇಳಿ."

ಗಂಡನಿಗೆ ರೋಷ ಉಕ್ಕಿತು. "ಬೇಡ ಬಿಡು, ನಾನೊಬ್ನೇ ನೇಯ್ತೀನಿ," ಎಂದು ತೋಳೇರಿಸಿದ. ಕೆಂಪು ಲಾಳಿ ಎಸೆದು, ಕುಣಿಯಿಂದೆದ್ದು, ಮಗ್ಗ ಸುತ್ತಿ ಬಂದು, ಹೆಂಡತಿಯ ಮೊಣಕಾಲು ದಾಟಿ ಹಸಿರು ಲಾಳಿ ತೂರಿಸಿ, ಮತ್ತೆ ಓಡಿ ಹೋಗಿ ಕುಣಿಗಿಳಿದ. ಮಧ್ಯಾಹ್ನದ ಹೊತ್ತಿಗೆ ಒಂದು ಬೆರಳಗಲದ ಬಟ್ಟೆಯೂ ಎದ್ದಿರಲಿಲ್ಲ. ಸೊಂಟ ಮಾತ್ರ ಕೈಕೊಟ್ಟಿತ್ತು. ಕೂತಲ್ಲಿಂದಲೇ ಲಾಳಿ ಎಳೆದುಕೊಳ್ಳೋಣವೆಂದು ಸಾರಿನ ಸೌಟು ತಂದ; ಸೌಟು ಕುಣಿಗೆ ಬಿತ್ತು. ಕೊನೆಗೆ ತಾಯಿಯ ಕೈಕಾಲು ಹಿಡಿದ. ಅವರು ಸೊಸೆಯನ್ನು ಆಚೆ ಸರಿಸಿ ಗತ್ತಿನಿಂದ ಕೂತು, ಮೊದಮೊದಲು ಚೆನ್ನಾಗಿಯೇ ಕೈ ಜೋಡಿಸಿ, ಆಮೇಲೆ ಲಾಳಿ ಹಿಡಿದುಕೊಂಡೇ ತೂಕಡಿಸಿದರು.

ಅವಳಿಗೆ ನಗು ತಡೆಯುವುದೇ ದೊಡ್ಡ ಕೆಲಸವಾಯಿತು. ಆದರೆ ಅಂಚಿನ ಕಡೆ ಮತ್ತೆ ಮತ್ತೆ ಕಣ್ಣು ಹೋಗುತ್ತಿತ್ತು. ತಾನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕೂಡಿಸಿಕೊಂಡು ಬಂದ ಜಾಗ ಈಗ ಇಲಿ ಕಡಿದಂತೆ ಕಾಣುತ್ತಿತ್ತು. ಸರಿ ಮಾಡಲು ಕೈ ತುರಿಸುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು.

ಹೀಗೇ ಕೆಲವು ದಿನ ಕಳೆದವು. ಒಂದು ಸಂಜೆ ಗಂಡ ಫೋನು ಹಿಡಿದು ಮೆಟ್ಟಿಲ ಮೇಲೆ ನಿಂತ. ಅವಳು ಒಳಗಿನಿಂದಲೇ ಕಿವಿಗೊಟ್ಟಳು.

"ಮೇಡಂ, ಸೀರೆ ಸ್ವಲ್ಪ ತಡ ಆಗುತ್ತೆ... ಇಲ್ಲ, ನೂಲಿದೆ. ಮಗ್ಗಾನೂ ಚೆನ್ನಾಗಿದೆ. ಅಂಚು ನೇಯೋರು ಮುನಿಸ್ಕೊಂಡಿದಾರೆ... ಯಾರು ಅಂದ್ರೆ, ನಮ್ಮನೆಯವಳೇ." ಅವನು ತಲೆ ಕೆರೆದುಕೊಂಡು ದನಿ ತಗ್ಗಿಸಿದ. "ಆವತ್ತು ನಿಮ್ಮ ಮುಂದೆ ಬಡಾಯಿ ಕೊಚ್ಕೊಂಡೆ ಮೇಡಂ. ಅವಳಿಲ್ದೆ ಈ ಸೀರೆ ಒಂದು ಗೇಣೂ ಏಳಲ್ಲ."

"ಜೋರಾಗಿ ಹೇಳೋ, ಒಳಗೆ ಕೇಳಿಸ್ತಿಲ್ಲ!" ಎಂದು ಅತ್ತೆ ಕೂಗಿದರು.

"ಅವಳಿಲ್ದೆ ಒಂದು ಗೇಣೂ ಏಳಲ್ಲ!" ಎಂದು ಅವನು ಅರಚಿದ ರಭಸಕ್ಕೆ ಎದುರುಮನೆಯ ಕಿಟಕಿ ತೆರೆದುಕೊಂಡಿತು.

ಕಿವಿಯವರೆಗೂ ಕೆಂಪಾಗಿ ಒಳಗೆ ಬಂದು ಫೋನು ಚಾಚಿದ. "ನಿಮ್ಮ ಹತ್ರ ಮಾತಾಡ್ಬೇಕಂತೆ." ಹೆಂಡತಿಗೆ ಬಹುವಚನ ಹೇಗೆ ಬಾಯಿಗೆ ಬಂತೋ ಅವನಿಗೇ ಗೊತ್ತಿಲ್ಲ.

ಅತ್ತ ಡಾಕ್ಟರಮ್ಮ ಬಿದ್ದು ಬಿದ್ದು ನಗುತ್ತಿದ್ದರು. "ಯಾವಾಗ ಕೆಲಸಕ್ಕೆ ಕೂತ್ಕೋತೀರಮ್ಮ? ಮದುವೆ ಹತ್ರ ಬಂತು."

ಅವಳು ಗಂಡನ ಮುಖ ನೋಡಿದಳು. ಮೀಸೆಗೆ ಹಸಿರು ನೂಲಿನ ಚೂರೊಂದು ಅಂಟಿತ್ತು.

"ಈಗ್ಲೇ ಕೂತ್ಕೋತೀನಿ ಮೇಡಂ. ಆದ್ರೆ ಮೊದ್ಲು ಇವರು ನೇಯ್ದಿದ್ದನ್ನೆಲ್ಲ ಬಿಚ್ಬೇಕು."

ಆ ಸಂಜೆಯೇ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಒಂದೊಂದೇ ಎಳೆ ಬಿಡಿಸಿದರು. "ಇದು ನೀವು ಮಾಡಿದ್ದು." "ಅಲ್ಲ, ಇದು ಅಮ್ಮನ ನಿದ್ದೆ." ಅಷ್ಟೂ ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತೆಲ್ಲ ಹೊರಗೆ ಬಂತು. ಮಗ್ಗಿ ಒಪ್ಪಿಸಿದ ಹಾಗಿನ ಅತ್ತೆಯ ಗೊರಕೆಯೂ ನಡುನಡುವೆ ಸೇರಿಕೊಂಡಿತು.

ಸೀರೆ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಆದರೂ ಮದುವೆಗೆ ಮುಂಚೆಯೇ ಮಗ್ಗದಿಂದಿಳಿಯಿತು. ಮಡಚಲೆಂದು ಆ ತುದಿ ಅವನು, ಈ ತುದಿ ಅವಳು ಹಿಡಿದು ಎದುರುಬದುರು ನಡೆದು ಬಂದರು. ಅವಳ ಕೈಗೆ ತನ್ನ ತುದಿ ಕೊಟ್ಟವನು ಅಲ್ಲೇ ನಿಂತ. ತನ್ನ ಕೈಯಲ್ಲಿದ್ದ ಸೆರಗನ್ನು ಅವಳು ಹೆಗಲ ಮೇಲೆ ಒಮ್ಮೆ ಹಾಕಿ ನೋಡಿಕೊಂಡಳು.

"ಹ್ಞೂಂ, ಸಾಕು, ಮಡಚಿ," ಎಂದರು ಅತ್ತೆ. "ಬೇರೆಯವರ ಸೀರೆ ಅದು."

"ಇನ್ನೊಂದು ಗಳಿಗೆ ಇರಲಿ ಬಿಡಮ್ಮ," ಎಂದ ಅವನು, ಅವಳಿಂದ ಕಣ್ಣು ಕೀಳದೆ.